ನಲವತ್ತೊಂದು ಸೆಕೆಂಡು

ಕಂಕನಾಡಿಯ ಬೇಕರಿಯೊಂದರ ಮೇಲಿನ ಕೋಣೆ ನನ್ನದು.
ಬೆಳಗಿನ ಜಾವ ಮೂರಕ್ಕೆ ಬ್ರೆಡ್ಡಿನ ಬಿಸಿ
ನೆಲ ದಾಟಿ ಅಂಗಾಲಿಗೆ ಹತ್ತುತ್ತದೆ,
ಇನ್ನೊಂದು ರಾತ್ರಿ ಹೋಯಿತೆಂದು ಆಗ ಗೊತ್ತಾಗುತ್ತದೆ.

ಇಪ್ಪತ್ತು ವರ್ಷ ರೋಸಿನ ವಿಡಿಯೋ, ಮದುವೆಯ ವಿಡಿಯೋ
ಕತ್ತರಿಸಿ ಪಳಗಿದ ಕೈ.
ಕುಡಿದು ತೂರಾಡಿದ ಮಾವಂದಿರನ್ನು ಎಷ್ಟು ತೆಗೆದಿದ್ದೇನೋ,
ಜೋಡಣೆ ಕಾಣದ ಹಾಗೆ.
ಈ ಊರಿನ ಅರ್ಧ ಕ್ಯಾಸೆಟ್ಟುಗಳಲ್ಲಿ
ಯಾವ ಮದುಮಗಳೂ ಬೇಡವೆಂದು ಅತ್ತಿಲ್ಲ.
ಆ ಪುಣ್ಯ ನನ್ನದು.

ಅಕ್ಟೋಬರ್ ರಜೆಗೆ ಬಿಡುಗಡೆ.
‘ಎ’ ಸಿಕ್ಕಿದರೆ ಮುಗೀತು, ಅಂದರು ಜಯಕರ ಸಾಲ್ಯಾನರು,
ಬೈಕಂಪಾಡಿಯ ಐಸ್ ಪ್ಲಾಂಟ್ ಅಡವಿಟ್ಟು ಪಿಚ್ಚರ್ ತೆಗೆದವರು.
“ಮಕ್ಕಳು ಬಂದರೆ ಅಮ್ಮ ಬರ್ತದೆ, ಅಜ್ಜಿ ಬರ್ತದೆ,
ಒಂದು ಟಿಕೆಟಿನ ಹಿಂದೆ ನಾಲ್ಕು.
ಹದಿಮೂರಕ್ಕೆ ಇಳಿಸು ಮಾರಾಯ, ಹೇಗಾದರೂ ಇಳಿಸು.”

ಇಳಿಸಿದೆ.
ರಕ್ತದ ಕೆಂಪನ್ನು ಪುನರ್ಪುಳಿ ಶರಬತ್ತಿನಷ್ಟಕ್ಕೆ,
ಅದೂ ಹೆಚ್ಚಾಯಿತೆಂದು ಕಾಫಿಯ ಕಲೆಯಷ್ಟಕ್ಕೆ.
ಚೂರಿ ಹೊಟ್ಟೆಯ ತನಕ ಹೋಗಿ ನಿಲ್ಲುತ್ತದೆ,
ಮುಂದಿನದು ಆಸ್ಪತ್ರೆಯ ಫ್ಯಾನು.
ಮುತ್ತು ಕೊಡುವಲ್ಲಿ ಸಸಿಹಿತ್ಲಿನ ಅಲೆಯೊಂದು ಅಡ್ಡ ಬಂತು.
ಬೈಗುಳ ಇದ್ದಲ್ಲೆಲ್ಲ ಕಾಗೆಯ ಕೂಗು ಹಾಕಿದೆ.
ಆ ಮನೆಯಲ್ಲಿ ಈಗ ಕಾಗೆಗಳು ವಿಪರೀತ.

ಧಕ್ಕೆಯ ಲೀಲಕ್ಕ ಅಂಜಲ್ ತುಂಡು ಮಾಡುವಾಗ
ತಲೆ ಎತ್ತದೆ ಕೇಳುತ್ತಾಳೆ: ಮಂಡೆ ಬೇಕಾ, ಬೇಡವಾ?
ಅವಳಾದರೂ ಕೇಳುತ್ತಾಳೆ.

ಉಳಿದದ್ದು ಬೆಲ್ಟಿನ ದೃಶ್ಯ.
ನಲವತ್ತೊಂದು ಸೆಕೆಂಡು, ಒಂದೇ ಶಾಟು.
ಹರಿಣಾಕ್ಷಿ, ಸುರತ್ಕಲ್ಲಿನವಳು, ನಾಟಕದಿಂದ ಬಂದವಳು,
ಕ್ಯಾಮರಾ ನಿಂತ ಮೇಲೂ ಗೋಡೆ ಬಿಟ್ಟಿರಲಿಲ್ಲವಂತೆ.
ಕೊಟ್ಟ ಚಾ ಎಲ್ಲ ಸಾಸರಿಗೇ ಚೆಲ್ಲಿತಂತೆ.
ಇಪ್ಪತ್ತು ಸೆಕೆಂಡು ಮಾಡಿ ನೋಡಿದೆ. ಆರು ಮಾಡಿದೆ.
ಚಿತ್ರ ಬೇಡ, ಬರೀ ಸದ್ದಿರಲಿ ಎಂದು ಸದ್ದು ಇಟ್ಟೆ.
ಸದ್ದು ಇನ್ನೂ ಕೆಟ್ಟದಿತ್ತು.
ಕೊನೆಗೆ ಹೀಗೆ: ಅವನು ಬಕಲಿಗೆ ಕೈ ಹಾಕುತ್ತಾನೆ.
ಅವಳು ಕಾವಲಿಗೆ ನೀರುದೋಸೆ ಹೊಯ್ಯುತ್ತಾಳೆ.
ನಡುವೆ ಒಂದು ಕೂದಲೂ ತೂರದು.
ಒಳ್ಳೆಯ ಕೆಲಸ, ನಾನೇ ಹೇಳಬೇಕು.
ಆಮೇಲೆ ಅವಳು ಚೀಲ ಹಿಡಿದು
ಮುಲ್ಕಿಯ ಬಸ್ಸು ಹತ್ತಿ ಹೋಗುತ್ತಾಳೆ.

ಭಾನುವಾರ ಫಸ್ಟ್ ಶೋ ತುಂಬಿತ್ತು.
ಹಿಂದಿನ ಸಾಲಿನವನು ಪಕ್ಕದ ಹೆಂಡತಿಗೆ ಅಂದ:
“ಎಂತ ಆಯ್ತು ಅಂತ ಇವಳು ಹೊರಟದ್ದು? ಕೊಬ್ಬು.”
ಹೆಂಡತಿ ಏನೂ ಅನ್ನಲಿಲ್ಲ. ಚಕ್ಕುಲಿ ಮುರಿದ ಸದ್ದು ಬಂತು.

ನಾನು ಹೇಳಹೊರಟದ್ದು ಅದಲ್ಲ, ಅದಕ್ಕೂ ಸ್ವಲ್ಪ ಮೊದಲಿನದು.
ಮುಂದಿನ ಸಾಲಲ್ಲಿ ಒಬ್ಬ ಹೆಂಗಸು
ಬಕಲಿನ ಸದ್ದು ಕೇಳಿದ್ದೇ
ಮಗಳ ಕಣ್ಣಿಗೆ ಅಂಗೈ ಅಡ್ಡ ಹಿಡಿದಳು.
ನಾನು ಕತ್ತರಿ ಇಟ್ಟ ಜಾಗದಲ್ಲೇ,
ಒಂದು ಫ್ರೇಮೂ ಆಚೀಚೆ ಇಲ್ಲ.
ಹುಡುಗಿ ಬೆರಳು ಸರಿಸಿ ನೋಡಿ ಹೇಳಿತು:
“ಎಂತ ಇಲ್ಲಮ್ಮ. ಬೆಳಿಗ್ಗೆ ಆಯ್ತು.”
ಕೈ ಹಾಗೇ ಇತ್ತು,
ದೋಸೆ ಎದ್ದು, ಬಸ್ಸು ಬಂದು,
ಇಂಟರ್ವಲ್ಲಿನ ದೀಪ ಹತ್ತುವ ತನಕ.

ರಾತ್ರಿ ಹರಿಣಾಕ್ಷಿಯ ಫೋನು.
ಬೈಯುತ್ತಾಳೆಂದು ಕಾದೆ.
ಅಮ್ಮನನ್ನು ಕರಕೊಂಡು ಹೋಗಿದ್ದೆ, ಅಂದಳು.
ಹೊರಗೆ ಬಂದ ಮೇಲೆ ಅಮ್ಮ ನನ್ನ ಬೆನ್ನು ಸವರಿ ಹೇಳಿದ್ರು,
“ಪುಣ್ಯ ಮಗಾ, ಅವ ನಿನಗೆ ಹೊಡೀಲಿಲ್ಲ.”
ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.
ಕೆಳಗೆ ಒಲೆ ಹೊತ್ತಿಸುತ್ತಿದ್ದರು.
“ಅದು ಉಂಟಾ ನಿಮ್ಮಲ್ಲಿ?” ಕೇಳಿದಳು.
ಉಂಟು, ಅಂದೆ.
“ಇರ್ಲಿ.”